ವಾಲಿದ ಮನೆಯೂ ಜರುಗುವ ಲೆನ್ಸೂ

ನಮ್ಮ ಸೋದರಮಾವ ದೇವರನ್ನೂ ಗೋಡೆ ನೋಡಿಯೇ ನಂಬುವವರು! ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ನಾವೆಲ್ಲ ಮಂಜಿನೊಳಗೆ ಕೈ ಮುಗಿದು ನಿಂತಿದ್ದರೆ, ಇವರು ಒಂದು ಕಣ್ಣು ಮುಚ್ಚಿ ಕಂಬ ನೋಡುತ್ತಿದ್ದರು. “ಪರ್ವಾಗಿಲ್ಲ, ನೆಟ್ಗದೆ” ಅಂದ ಮೇಲೆಯೇ ತೀರ್ಥಕ್ಕೆ ಕೈ ಚಾಚಿದ್ದು. ಗುಂಡ್ಲುಪೇಟೆಯ ಗಾರೆ ಮೇಸ್ತ್ರಿ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿದ ತೂಗುಗುಂಡು ಮದುವೆಮನೆಯಲ್ಲೂ ಜೇಬಿನಲ್ಲೇ ಇರುತ್ತದೆ.

ಇಂಥವರು ತಾವೇ ಕಟ್ಟಿಕೊಂಡ ಮಹಡಿಮನೆಯ ಫೋಟೋ ತೆಗೆದ ಮಹಾನುಭಾವ ನಾನು! ಚಾಮರಾಜನಗರದ ಗೃಹಪ್ರವೇಶಗಳಲ್ಲಿ ಫೋಟೋ ತೆಗೆದು ತೆಗೆದು, ಕಲಾವಿದನೆಂಬ ಭ್ರಮೆ ಬಂದುಬಿಟ್ಟಿತ್ತು. ಮಾವನ ಬೀದಿಯೋ ಕಿರಿದು. ಮಹಡಿ ಹಿಡಿಸಲೆಂದು ಕ್ಯಾಮೆರಾದ ಮೂತಿ ಎತ್ತಿದೆ. ಫೋಟೋದಲ್ಲಿ ಮನೆ ತೂಕಡಿಸುವವರಂತೆ ಹಿಂದಕ್ಕೆ ವಾಲಿತು! ನನಗದು ಕಾಣಲಿಲ್ಲ, ಹೆಮ್ಮೆಯಿಂದ ಮಾವನ ವಾಟ್ಸಪ್ ಸ್ಟೇಟಸ್ಸಿಗೂ ನಾನೇ ಹಾಕಿಕೊಟ್ಟೆ. ಹರವೆಯಲ್ಲಿ ಮಾವನಿಂದ ಮನೆ ಕಟ್ಟಿಸಬೇಕಿದ್ದವರು ಅದನ್ನು ನೋಡಿ ಬೇರೆ ಮೇಸ್ತ್ರಿಯನ್ನು ಹಿಡಿದರು.

“ನಲ್ವತ್ ವರ್ಸದ ಎಸ್ರು ಕಣ್ಲಾ! ಒಂದ್ ಬಟನ್ ಒತ್ತಿ ಕೆಡವ್ಬುಟ್ಯಲ್ಲೋ!”

“ಕಂಪ್ಯೂಟರಲ್ಲಿ ನೆಟ್ಟಗೆ ಮಾಡ್ಕೊಡ್ತೀನಿ ಮಾವ.”

“ವಾಲಿದ್ ಗೋಡೆಗೆ ಗಾರೆ ಬಳ್ದು ಮುಚ್ಚೋನಾ ನಾನು? ತಗಿಯೋವಾಗ್ಲೇ ನೆಟ್ಗೆ ತಗಿ!”

ಅದಕ್ಕೆ ಶಿಫ್ಟ್ ಲೆನ್ಸ್ ಬೇಕು. ಕ್ಯಾಮೆರಾ ತಲೆ ಎತ್ತದೆ ನೆಟ್ಟಗೆ ನಿಲ್ಲುತ್ತದೆ, ಲೆನ್ಸು ಮಾತ್ರ ಮೇಲಕ್ಕೆ ಜರುಗಿ ಮಹಡಿಯನ್ನು ತೋರಿಸುತ್ತದೆ. ಆದರೆ ಯಾವುದು? ಹತ್ತೊಂಬತ್ತು ಮಿಲಿಮೀಟರಿನದೋ, ಇಪ್ಪತ್ತನಾಲ್ಕರದೋ? ಮೂರು ತಿಂಗಳು ಯೂಟ್ಯೂಬ್ ಪಂಡಿತರ ಪಾದಸೇವೆ ಮಾಡಿದೆ. ಊಟಕ್ಕೆ ಕೂತಾಗಲೂ “ಹತ್ತೊಂಬತ್ತಾ, ಇಪ್ಪತ್ತನಾಲ್ಕಾ” ಎಂದು ಗೊಣಗಿದೆ.

“ಯಾರ ವಯಸ್ಸು?” ಎಂದಳು ಹೆಂಡತಿ. ಕೈಯಲ್ಲಿ ಸೌಟಿತ್ತು!

ಕೊನೆಗೆ ಮಾವನನ್ನೇ ಕೇಳಿದೆ.

“ಎದುರು ಮನೆ ಜಗ್ಲಿಗೆ ಬೆನ್ನು ತಾಗುಸ್ಕೊಂಡ್ ನಿಂತ್ರೆ ಯಾವ್ದ್ರಲ್ಲಿ ಮನೆ ಪೂರ್ತಿ ಕಾಣ್ತದೆ?”

“ಹತ್ತೊಂಬತ್ತರಲ್ಲಿ. ಅದೇ ಜಾಸ್ತಿ ಅಗಲ ಹಿಡಿಯೋದು.”

“ಮತ್ತೆ ಮೂರ್ ತಿಂಗ್ಳು ಏನ್ ಕಿಸಿತಿದ್ದೆ?”

ಅದನ್ನೇ ಮೈಸೂರಿನಿಂದ ಬಾಡಿಗೆಗೆ ತಂದೆ. ಜಗಲಿಗೆ ಬೆನ್ನು ಕೊಟ್ಟು, ಲೆನ್ಸು ಜರುಗಿಸಿ ಒತ್ತಿದೆ. ಆಹಾ! ಮನೆ ಕವಾಯತಿನ ಹುಡುಗನಂತೆ ಸಾವಧಾನ್ ನಿಂತಿತು. ಆದರೆ ಎಡಗಡೆಯ ಅಡುಗೆಮನೆ ಗೋಡೆ ಮಾತ್ರ ಒಂದಿಷ್ಟು ಹೊರಕ್ಕೆ ವಾಲಿತ್ತು.

“ಬಾಡಿಗೆ ಮಾಲು ಮಾವ, ಲೆನ್ಸ್ ಕೆಟ್ಟಿರಬೇಕು.”

ಮಾವ ಜಗಲಿಯಲ್ಲಿ ಕೂತು ಕ್ಯಾಮೆರಾ ಪರದೆಯಲ್ಲಿ ಆ ಗೋಡೆಗೆ ಬೆರಳಿಟ್ಟರು.

“ಲೆನ್ಸ್ ಸರ್ಯಾಗದೆ ಕಣ್ಲಾ. ಆ ಗೋಡೆ ನಿಮ್ಮತ್ತೆ ಕಟ್ಟಿದ್ದು. ನಾನ್ ಟೈಫಾಯ್ಡ್ ಬಂದು ಮಲ್ಗಿದ್ದೆ. ಮಳೆ ಬಂದ್ಬುಡ್ತದೆ ಅಂತ ಒಬ್ಳೇ ಇಟ್ಟಿಗೆ ಜೋಡ್ಸಿ ಎಬ್ಬಿಸ್ಬುಟ್ಳು.”

ಅತ್ತೆ ತೀರಿಕೊಂಡು ನಾಲ್ಕು ವರ್ಷ.

“ನೀವು ಗುಂಡು ಹಿಡಿದು ನೋಡಲಿಲ್ವಾ?”

“ನನ್ ಕಣ್ಗೆ ಗೊತ್ತಾಗಲ್ವಾ? ಗುಂಡ್ ಇಡುದ್ರೆ ಅವ್ಳ್ಗೂ ಗೊತ್ತಾಗೋದು.”

ನಾನು ಮೆಲ್ಲಗೆ ಕೇಳಿದೆ: “ವಾಟ್ಸಪ್ಪಿಗೆ ಬೇರೆ ಯಾವುದಾದ್ರೂ ಮನೆ ಫೋಟೋ ಹಾಕ್ಲಾ ಮಾವ? ನಿಮ್ಮ ಹೆಸರು...”

“ಇದ್ನೇ ಆಕು. ಯಾರಾದ್ರೂ ಕೇಳುದ್ರೆ ನಾನ್ ಉತ್ರ ಏಳ್ಕತೀನಿ.” ಎದ್ದು ಹೋಗಿ ಹೆಗಲ ಟವೆಲ್ಲಿನಿಂದ ಆ ಗೋಡೆಯ ದೂಳು ಒರೆಸತೊಡಗಿದರು. “ತಡಿ, ಇದೊಂದುನ್ನೇ ಇನ್ನೊಂದ್ ಫೋಟೋ ತಗಿವಂತೆ.”