ಸೊನ್ನೆಗೆ ಒಂದು ಹಿಡಿ ಅಕ್ಕಿ

ನನ್ನ ನೆನಪುಗಳು ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾಗಿರುತ್ತವೆ. ಅದಕ್ಕೇ ಅವುಗಳ ಮೇಲೆ ನನಗೆ ನಂಬಿಕೆ ಕಡಿಮೆ. ಈಗ ಹೇಳುವುದರಲ್ಲೂ ಅಕ್ಕಿ ಡಬ್ಬಿಯೊಂದು ತೀರಾ ಸರಿಯಾದ ಜಾಗದಲ್ಲಿ ಬರುತ್ತದೆ. ಓದುವವರು ಅನುಮಾನಿಸಬಹುದು.

ಪುಣೆಯ ಆಫೀಸಿನಲ್ಲಿ ಕೂತು ನಾನು ಬಾರಾಮತಿ ಕಡೆಯ ಹಾಲಿನ ಲೆಕ್ಕಕ್ಕೆ ಪ್ರೋಗ್ರಾಮ್ ಬರೆಯುತ್ತೇನೆ. ಅಲ್ಲಿನ ಹಾಲು ಸಂಗ್ರಹ ಕೇಂದ್ರಗಳಲ್ಲಿ ಕೆಲವು ದೊಡ್ಡವು, ಕೆಲವು ಪುಟಾಣಿ. ಎಲ್ಲವನ್ನೂ ಒಂದೇ ಅಳತೆಗೆ ತರಲು ಪ್ರತಿ ಕೇಂದ್ರದ ದಿನದಿನದ ಲೀಟರುಗಳ ಸಾಲಿಗೆ, ದೊಡ್ಡ ಸಂಖ್ಯೆಗಳನ್ನು ಕುಗ್ಗಿಸುವ ಲಾಗರಿದಮ್ ತೆಗೆದು ಸರಾಸರಿ ಮಾಡುತ್ತೇವೆ. ಆ ಸರಾಸರಿ ನೋಡಿಯೇ ಡೇರಿಯವರು ಯಾವ ಕೇಂದ್ರ ಮುಚ್ಚಬೇಕೆಂದು ತೀರ್ಮಾನಿಸುವವರಿದ್ದರು. ಅಷ್ಟರಲ್ಲಿ ಒಂದು ಪುಟ್ಟ ಕೇಂದ್ರದ ಸಾಲಿನಲ್ಲಿ ಸೊನ್ನೆ ಸಿಕ್ಕಿತು. ದೀಪಾವಳಿಗೆ ಮುಂಚಿನ ವಸುಬಾರಸ್ ದಿನ ಆ ಊರಿನವರು ಹಸುಗಳಿಗೆ ಪೂಜೆ ಮಾಡಿ ಹಾಲನ್ನೆಲ್ಲ ಕರುಗಳಿಗೇ ಬಿಟ್ಟಿದ್ದರು. ಸೊನ್ನೆಗೆ ಲಾಗರಿದಮ್ ಇಲ್ಲ. ಕಂಪ್ಯೂಟರು ಒಂದು ಎಚ್ಚರಿಕೆ ಗೊಣಗಿ ‘ಋಣ ಅನಂತ’, ಅಂದರೆ ತಳವೇ ಇಲ್ಲದ ಮೈನಸ್, ಎಂದು ಬರೆಯಿತು. ಆ ಒಂದು ದಿನದಿಂದ ಕೇಂದ್ರದ ಇಡೀ ವರ್ಷ ಪಾತಾಳಕ್ಕಿಳಿಯಿತು.

ಡಬ್ಬಿ ಬರುವುದು ಇಲ್ಲಿ. ಅಕ್ಕಿ ಎಷ್ಟೇ ಮುಗಿಯಲಿ, ತಳ ಕಾಣದಂತೆ ಒಂದು ಹಿಡಿ ಉಳಿಸುವುದು ನಮ್ಮ ಮನೆಯ ಪದ್ಧತಿ. ಬೆಳಿಗ್ಗೆ ಕಂಡ ಆ ಹಿಡಿ ಅಕ್ಕಿ ನೆನಪಾಗಿ, ಸೊನ್ನೆಯಿದ್ದಲ್ಲಿ ಹನಿಗಿಂತ ಎಷ್ಟೋ ಚಿಕ್ಕದಾದ, ಕಂಪ್ಯೂಟರಿಗೆ ಗೊತ್ತಿರುವ ಅತಿ ಸಣ್ಣ ಸಂಖ್ಯೆ ಹಾಕಿದೆ. ಎಚ್ಚರಿಕೆ ನಿಂತಿತು. ಪಕ್ಕದ ಮೇಜಿನ ವಿಜಯಪುರದ ದೇಸಾಯರಿಗೆ ಹೆಮ್ಮೆಯಿಂದ ತೋರಿಸಿದೆ.

“ಕಂಪ್ಯೂಟರ್ ಸುಮ್ಮನಾತು, ಖರೆ,” ಎಂದರು ಅವರು. “ಆದ್ರ ನಿಮ್ಮ ಕೇಂದ್ರ ಇನ್ನೂ ಕಡೀ ನಂಬರಿಗೇ ಅದ ನೋಡ್ರಿ.”

“ಒಂದ್ ಹನಿ ಹಾಕೀನಲ್ರಿ.”

“ಹನಿ ಸಣ್ಣದಾದಷ್ಟೂ ಅದರ ಲಾಗ್ ಆಳಕ್ಕ ಇಳೀತದ್ರಿ. ಕರುವಿಗೆ ಹಾಲ್ ಬಿಟ್ರು ಅಂತ ಕೇಂದ್ರನ ಮುಚ್ಚಸ್ತೀರೇನು?”

ಹನಿಯನ್ನು ತೆಗೆದೆ. ಸೊನ್ನೆಗಿಂತ ಹೆಚ್ಚಿರುವಲ್ಲಿ ಮಾತ್ರ ಲಾಗರಿದಮ್ ತೆಗೆ, ಉಳಿದ ಜಾಗ ಖಾಲಿ ಬಿಡು, ಖಾಲಿ ದಿನಗಳನ್ನು ಬೇರೆಯಾಗಿ ತೋರಿಸು ಎಂದು ಬರೆದೆ. ಕೇಂದ್ರ ಪಟ್ಟಿಯ ತಳದಿಂದ ಮೇಲೆ ಬಂತು, ಮುಚ್ಚದೆ ಉಳಿಯಿತು.

ಇಷ್ಟನ್ನು ಬರೆದು ಹೆಂಡತಿಗೆ ಓದಿ ಹೇಳಿದೆ.

“ಯಾವ ಹಿಡಿ ಅಕ್ಕಿರೀ?” ಎಂದಳು. “ಅವತ್ತ ಡಬ್ಬಿ ಪೂರಾ ಖಾಲಿ ಇತ್ತು. ಅಕ್ಕಿ ತರ್ರಿ ಅಂತ ವಾರದಿಂದ ಹೇಳಾಕತ್ತಿದ್ದೆ. ಅವಲಕ್ಕಿ ತಿಂದ್ ಆಫೀಸಿಗೆ ಹೋದ್ರಿ.”

ಅವಲಕ್ಕಿ ನನಗೂ ನೆನಪಿದೆ. ಪ್ರೋಗ್ರಾಮಿನಿಂದ ಹನಿ ತೆಗೆದವನು ಈ ಬರಹದ ಡಬ್ಬಿಯಿಂದ ಆ ಹಿಡಿಯನ್ನೂ ತೆಗೆಯಬೇಕಿತ್ತು. ತೆಗೆದರೆ ಗಂಡನಾಗಿ ನನ್ನ ವರ್ಷದ ಸರಾಸರಿ ಎಲ್ಲಿಗೆ ಇಳಿದೀತೆಂದು ಯೋಚಿಸಿ, ಅಲ್ಲೇ ಬಿಟ್ಟಿದ್ದೇನೆ.