ಎಣ್ಣೆ ಹಚ್ಚಿದ ಹಲಗೆ, ದರ್ಜೆಗೊಂದು ಚೆಂಡು

ನಗು ಬರುವಂಥ ಸಂಗತಿ ಎಲ್ಲಾ ಕಚೇರಿಗಳಲ್ಲೂ ಆಗಾಗ ನಡೆಯುತ್ತಲೇ ಇರುತ್ತದೆ. ನಮ್ಮ ಕ್ಲಬ್ಬಿನಲ್ಲಿ ಅದು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ನಡೆಯುತ್ತಿತ್ತು. ನಗುವ ಅಧಿಕಾರ ಮಾತ್ರ ನನಗಿರಲಿಲ್ಲ. ನಾನು ತಾತ್ಕಾಲಿಕ ನೌಕರಿಯವಳು.

ಇದು ಎಪ್ಪತ್ತೈದರ ಆಸುಪಾಸಿನ ಮಾತು. ಚಿತ್ರದುರ್ಗದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದಲ್ಲಿ ಒಂದು ಗಣಿ ಕಂಪನಿ ಇತ್ತು, ಕ್ಲಬ್ಬು ಅದರದೇ. ಯಂತ್ರ ಕೂರಿಸಲು ಬಂದಿದ್ದ ವಿದೇಶಿ ಇಂಜಿನಿಯರುಗಳು ಹೊತ್ತು ಹೋಗದೆ ಕ್ಲಬ್ಬಿನ ಹಿಂದೆ ಉದ್ದನೆಯ ಶೆಡ್ಡು ಕಟ್ಟಿಸಿ, ಅದರೊಳಗೆ ಅರವತ್ತು ಅಡಿ ಮರದ ಹಲಗೆ ಹಾಸಿ, ಬೌಲಿಂಗ್ ಆಡುತ್ತಿದ್ದರಂತೆ. ಆ ತುದಿಯಲ್ಲಿ ಬಾಟಲಿಯ ಆಕಾರದ ಹತ್ತು ಪಿನ್ನುಗಳನ್ನು ನಿಲ್ಲಿಸಿ, ಈ ತುದಿಯಿಂದ ಭಾರದ ಚೆಂಡು ಉರುಳಿಸಿ ಬೀಳಿಸುವ ಆಟ. ಹಲಗೆಯ ಎರಡೂ ಬದಿಗೆ ಚರಂಡಿ. ಚೆಂಡು ಅದಕ್ಕೆ ಬಿದ್ದರೆ ಸೊನ್ನೆ. ಊರಿಗೆ ಹೋಗುವಾಗ ಅವರು ನಾಲ್ಕು ಚೆಂಡು, ಅರ್ಧ ಡಬ್ಬ ಹಲಗೆಯ ಎಣ್ಣೆ ಮತ್ತು ಒಂದು ಇಂಗ್ಲಿಷ್ ಪುಸ್ತಕ ಬಿಟ್ಟುಹೋದರು.

ಆ ಪುಸ್ತಕ ಓದಲೆಂದೇ ಕಂಪನಿ ನನ್ನನ್ನು ತೆಗೆದುಕೊಂಡಿತು. ಕಾನ್ವೆಂಟಿನಲ್ಲಿ ಓದಿದವಳು, ಟೈಪು ಬರುತ್ತದೆ, ಎದುರು ಮಾತಾಡುವುದಿಲ್ಲ. ಮೂರು ಅರ್ಹತೆಗಳಲ್ಲಿ ಮೂರನೆಯದು ಕ್ಲಬ್ಬಿನ ಕಮಿಟಿಗೆ ಬಹಳ ಹಿಡಿಸಿತ್ತು. ಕೆಲಸ ಆರು ತಿಂಗಳಿನದು. ಬೆಂಗಳೂರಿನಿಂದ ಡೈರೆಕ್ಟರು ಬಂದು ನೋಡಿ ಮೆಚ್ಚಿದರೆ ಖಾಯಂ. ಇಲ್ಲದಿದ್ದರೆ ಶೆಡ್ಡು ಸಿಮೆಂಟಿನ ಗೋದಾಮಾಗುತ್ತದೆ, ನಾನು ಹೊಸದುರ್ಗಕ್ಕೆ ವಾಪಸ್ಸು. ಅಲ್ಲಿ ಅಪ್ಪ ಆಗಲೇ ನಮ್ಮ ಬೀದಿಯ ಹನ್ನೊಂದು ಮಕ್ಕಳಿಗೆ ನನ್ನಿಂದ ಇಂಗ್ಲಿಷ್ ಪಾಠ ಹೇಳಿಸುತ್ತೇನೆಂದು ಮಾತು ಕೊಟ್ಟಾಗಿತ್ತು. ನಾಲ್ಕು ಜನರ ಮುಂದೆ ಹೆಸರು ಹೇಳಲೂ ತಡವರಿಸುವ ನನಗೆ ಆ ಹನ್ನೊಂದು ಮಕ್ಕಳು ಕನಸಿನಲ್ಲಿ ಸಾಲಾಗಿ ಕೂತಿರುತ್ತಿದ್ದರು.

೧. ಹಂಚಿಕೆ

ಪುಸ್ತಕ ಹೇಳುತ್ತಿದ್ದುದು ಒಂದೇ ಮಾತು. ಮೊದಲು ಹಲಗೆಯ ಎಣ್ಣೆ ನೋಡು, ಆಮೇಲೆ ಚೆಂಡು ಆರಿಸು. ಎಣ್ಣೆ ಹೆಚ್ಚಿದ್ದರೆ ಚೆಂಡು ಜಾರುತ್ತದೆ, ಆಗ ಹಿಡಿತವಿರುವ ಒರಟು ರಬ್ಬರಿನ ಚೆಂಡು ಬೇಕು. ಹಲಗೆ ಒಣಗಿದ್ದರೆ ರಬ್ಬರು ಕಚ್ಚಿಕೊಂಡು ಪಕ್ಕಕ್ಕೆ ತಿರುಗುತ್ತದೆ, ಆಗ ನುಣ್ಣನೆಯ ಗಟ್ಟಿ ಪ್ಲಾಸ್ಟಿಕ್ ಚೆಂಡು. ನಮ್ಮಲ್ಲಿ ಎರಡು ಕಪ್ಪು ರಬ್ಬರಿನವು, ಎರಡು ಪ್ಲಾಸ್ಟಿಕ್ಕಿನವು ಇದ್ದವು. ಇಷ್ಟನ್ನೂ ಒಂದು ಪುಟದಲ್ಲಿ ಟೈಪು ಮಾಡಿ ಕ್ಲಬ್ಬಿನ ಕಾರ್ಯದರ್ಶಿಗೆ ಕೊಟ್ಟೆ. ಅವರು ಹೊಳಲ್ಕೆರೆಯವರು, ಕಂಪನಿಯ ಉಗ್ರಾಣದ ಅಧಿಕಾರಿ.

ಅವರು ಎರಡು ಸಲ ಓದಿ ಕನ್ನಡಕ ತೆಗೆದರು. "ಅಲ್ಲಮ್ಮ, ಎಣ್ಣೆ ನೋಡಿ ಚೆಂಡು ಆರಿಸ್ಬೇಕು ಅಂದ್ರೆ ಮ್ಯಾನೇಜರ್ ಸಾಹೇಬ್ರು ಬಗ್ಗಿ ಹಲಗೆ ಮುಟ್ಟಿ ನೋಡ್ಬೇಕಾ?"

ನಾನು ಪುಸ್ತಕದ ಆ ಪುಟ ತೆರೆದು ಅವರ ಮುಂದಿಟ್ಟೆ.

"ಅವತ್ತು ಗುಮಾಸ್ತರು ಹಿಡಿದ ಚೆಂಡೇ ಸರಿ ಅಂತ ಪುಸ್ತಕ ಹೇಳಿದ್ರೆ? ಸಾಹೇಬ್ರು ಗುಮಾಸ್ತರ ಚೆಂಡು ಎತ್ಕಂತಾರಾ?"

ಮಾರನೆಯ ದಿನ ಆದೇಶ ಹೊರಬಿತ್ತು. ಟೈಪು ಮಾಡಿದವಳೂ ನಾನೇ. ಹದಿನಾರು ಪೌಂಡಿನ ಕಪ್ಪು ಚೆಂಡು ಮ್ಯಾನೇಜರಿಗೆ. ಹದಿನಾಲ್ಕು ಪೌಂಡಿನ ಕಪ್ಪು ಇಂಜಿನಿಯರುಗಳಿಗೆ. ಹನ್ನೆರಡರ ಕೆಂಪು ಇತರ ಅಧಿಕಾರಿಗಳಿಗೆ. ಹತ್ತು ಪೌಂಡಿನ ನೀಲಿ ಗುಮಾಸ್ತರಿಗೆ ಮತ್ತು ಹೆಂಗಸರಿಗೆ. ಎಣ್ಣೆಯ ಸುದ್ದಿಯೇ ಅದರಲ್ಲಿ ಇರಲಿಲ್ಲ.

ಮ್ಯಾನೇಜರು ಕಡ್ಡಿಯಂಥವರು. ಹದಿನಾರು ಪೌಂಡು ಎತ್ತಿದಾಗ ಅವರ ಬಲಭುಜ ಮೊಣಕಾಲಿನ ತನಕ ಇಳಿಯುತ್ತಿತ್ತು. ಆದರೂ ಬಿಡಲಿಲ್ಲ. ತಿಂಗಳೊಳಗೆ ಒಬ್ಬ ಅಧಿಕಾರಿಗೆ ಇಂಜಿನಿಯರಾಗಿ ಬಡ್ತಿ ಸಿಕ್ಕಿತು. ಅವರು ಕ್ಲಬ್ಬಿಗೆ ಒಂದು ಅರ್ಜಿ ಕೊಟ್ಟರು: "ಬಡ್ತಿ ಬಂದು ಹತ್ತು ದಿನವಾದರೂ ನನಗೆ ಇನ್ನೂ ಹಳೆಯ ತೂಕದ ಚೆಂಡನ್ನೇ ಕೊಡಲಾಗುತ್ತಿದೆ. ಇದರಿಂದ ನನಗೂ ನನ್ನ ಮನೆಯವರಿಗೂ ಮಾನಸಿಕವಾಗಿ ತೊಂದರೆಯಾಗಿದೆ."

೨. ಮ್ಯಾನೇಜರು ತೋರಿದ ದಾರಿ

ವಿದೇಶಿ ಎಣ್ಣೆಯ ಡಬ್ಬ ಡಿಸೆಂಬರಿನಲ್ಲಿ ಖಾಲಿಯಾಯಿತು. ಕಾರ್ಯದರ್ಶಿ ಹಿರಿಯೂರಿಗೆ ಜೀಪು ಕಳಿಸಿ ಎರಡು ಡಬ್ಬ ಒಳ್ಳೇ ತೆಂಗಿನೆಣ್ಣೆ ತರಿಸಿದರು.

ಎಣ್ಣೆ ಹಚ್ಚುವುದು, ಪಿನ್ನು ನಿಲ್ಲಿಸುವುದು ಒಬ್ಬ ಅಜ್ಜನ ಕೆಲಸ. ತುರುವನೂರು ಕಡೆಯವನು, ಅರವತ್ತು ವರ್ಷ ಕುರಿ ಕಾಯ್ದು ಕಾಲು ನೋವೆಂದು ನೆರಳಿನ ಕೆಲಸಕ್ಕೆ ಬಂದಿದ್ದ. ಬಿದ್ದ ಪಿನ್ನುಗಳನ್ನು ಎಣಿಸುವಾಗಲೂ ಬೆರಳು ಮಡಿಸುತ್ತಿರಲಿಲ್ಲ. ಒಂದು ಸಲ ಕಣ್ಣಾಡಿಸಿ "ಎಂಟು ಬಿದ್ದಾವೆ, ಎರಡು ಅವೆ" ಅನ್ನುತ್ತಿದ್ದ. ಪುಸ್ತಕದ ಪ್ರಕಾರ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಒರೆಸಬೇಕು. ಕಾರ್ಯದರ್ಶಿ ಹೇಳಿದ್ದು, "ಧಾರಾಳವಾಗಿ ಹಚ್ಚಪ್ಪ ಅಜ್ಜ, ಕಂಪನಿ ಎಣ್ಣೆ." ಅಜ್ಜ ಶನಿವಾರ ಸಂಜೆ ಬಾಣಂತಿಗೆ ಹಚ್ಚಿದ ಹಾಗೆ ಹಚ್ಚಿದ.

ಜನವರಿಯ ಚಳಿ. ಭಾನುವಾರ ಬೆಳಿಗ್ಗೆ ಬಂದು ನೋಡಿದರೆ ಎಣ್ಣೆ ಹೆಪ್ಪುಗಟ್ಟಿ, ಹಲಗೆಯ ಉದ್ದಕ್ಕೂ ಬೆಳ್ಳಗೆ ತುಪ್ಪ ಬಳಿದಂತಿತ್ತು. ಮುಂದೂಡೋಣ ಎನ್ನಲು ಯಾರಿಗೂ ಧೈರ್ಯವಿಲ್ಲ. ಮ್ಯಾನೇಜರು ಉರುಳಿಸಿದರು. ಹದಿನಾರು ಪೌಂಡು ಆ ಬಿಳುಪಿನಲ್ಲಿ ಗಾಡಿಯ ಗಾಲಿ ಕೆಸರು ಸೀಳಿದಂತೆ ಗೆರೆ ಕೊರೆದುಕೊಂಡು ಹೋಗಿ, ಬಲಗಡೆಯ ಮೂಲೆಯಲ್ಲಿ ಮೂರು ಪಿನ್ನು ಬೀಳಿಸಿತು.

ಮುಂದಿನವರು ಎಲ್ಲಿ ಹಾಕಿದರೂ ಚೆಂಡು ಜಾರಿ ಅದೇ ಗೆರೆಗೆ ಇಳಿಯಿತು. ಇಂಜಿನಿಯರುಗಳಿಗೆ ಮೂರು. ಅಧಿಕಾರಿಗಳಿಗೆ ಮೂರು. ಕಾರ್ಯದರ್ಶಿಗೂ ಮೂರು. "ತಾವು ದಾರಿ ತೋರಿಸಿದ್ರಿ ಸಾರ್, ನಾವು ಬಂದ್ವಿ" ಅಂದರು ಅವರು. ಮ್ಯಾನೇಜರು ಶಿಸ್ತು ಎಂದರೆ ಇದು ಎಂಬಂತೆ ತಲೆಯಾಡಿಸಿದರು.

ಕೊನೆಗೆ ಒಬ್ಬ ಗುಮಾಸ್ತರ ಸರದಿ. ಅವರ ನೀಲಿ ಚೆಂಡು ಹಗುರ. ಅರ್ಧ ದಾರಿಯಲ್ಲಿ ಗೆರೆಯಿಂದ ಹೊರಗೆ ಹಾರಿ ನಟ್ಟನಡುವೆ ಹೋಗಿ ಎಂಟು ಪಿನ್ನು ಕೆಡವಿತು. ಗುಮಾಸ್ತರು ಮ್ಯಾನೇಜರ ಕಡೆ ತಿರುಗಿ ಎರಡೂ ಕೈ ಜೋಡಿಸಿ, "ತಪ್ಪಾಯ್ತು ಸಾರ್, ಇನ್ನೊಂದ್ಸಲ ಹಿಂಗಾಗಲ್ಲ" ಅಂದರು.

೩. ನಿಂತ ಚೆಂಡು

"ತೆಂಗಿನೆಣ್ಣೆ ಬ್ಯಾಡ" ಅಂದರು ಕಾರ್ಯದರ್ಶಿ. "ನಮ್ಮ ಹೊಳಲ್ಕೆರೆ ಕಡೆ ಗಾಡಿ ಅಚ್ಚಿಗೆ ಹರಳೆಣ್ಣೆ ಹಾಕೋದು. ಎಂಥಾ ಚಳಿಗೂ ಹೆಪ್ಪಾಗಲ್ಲ."

ಹೆಪ್ಪಾಗಲಿಲ್ಲ, ನಿಜ. ಹಲಗೆ ಬೆಲ್ಲದ ಪಾಕವಾಯಿತು. ಮ್ಯಾನೇಜರ ಚೆಂಡು ಹೊರಟಿತು, ನಿಧಾನವಾಯಿತು, ಮತ್ತೂ ನಿಧಾನವಾಯಿತು, ಮುಕ್ಕಾಲು ದಾರಿಯಲ್ಲಿ ನಿಂತಿತು. ಮೂವತ್ತು ಜನ ಕತ್ತು ಚಾಚಿಕೊಂಡು ಅದನ್ನೇ ನೋಡುತ್ತಾ ನಿಂತರು.

ಪಿನ್ನುಗಳ ಹಿಂದಿನಿಂದ ಅಜ್ಜ ಹೇಳಿದ, "ಬರ್ತೈತೆ ಬಿಡ್ರಿ ಸಾಮಿ. ಉಸಿರು ತಗಂತೈತೆ."

ಐದು ನಿಮಿಷ ಕಾದದ್ದಾಯಿತು. ಅಜ್ಜ ಎದ್ದು ಕಾಲಿನಿಂದ ನೂಕಲು ಬಂದ. "ಏ ಅಜ್ಜ, ಸಾಹೇಬ್ರ ಚೆಂಡು ಅದು, ಕಾಲು ತಾಗಿಸ್ಬ್ಯಾಡ" ಎಂದು ಕಾರ್ಯದರ್ಶಿ ತಡೆದರು. ತಾವೇ ಬೂಟು ಬಿಚ್ಚಿ ಹಲಗೆಗೆ ಇಳಿದರು. ಹೋದದ್ದು ಎರಡು ಕಾಲುಚೀಲದಲ್ಲಿ, ಚೆಂಡು ತಬ್ಬಿಕೊಂಡು ಬಂದದ್ದು ಬರಿಗಾಲಲ್ಲಿ. ಚೀಲಗಳು ಹಲಗೆಯ ನಡುವೆ ನಿಂತೇ ಇದ್ದವು.

ಅಂಕ ಬರೆಯುವವಳು ನಾನು. ಚೆಂಡು ಪಿನ್ನು ಮುಟ್ಟಿಲ್ಲ, ಚರಂಡಿಗೂ ಬಿದ್ದಿಲ್ಲ. ಏನು ಬರೆಯಲಿ ಎಂದು ಮೆಲ್ಲಗೆ ಕೇಳಿದೆ. ಸೊನ್ನೆ ಎನ್ನುವ ಶಬ್ದ ಮ್ಯಾನೇಜರ ಹೆಸರಿನ ಮುಂದೆ ಬರುವಂತಿರಲಿಲ್ಲ. ಕಾರ್ಯದರ್ಶಿ ಕಾಲು ಒರೆಸಿಕೊಳ್ಳುತ್ತಾ ಯೋಚಿಸಿ ಹೇಳಿದರು:

"ಪೆಂಡಿಂಗ್ ಅಂತ ಬರಿಯಮ್ಮ."

೪. ಹದಿನೆಂಟು ಪೌಂಡು

ಬರುವ ಭಾನುವಾರ ಡೈರೆಕ್ಟರು ಬರುತ್ತಾರೆಂದು ಸುದ್ದಿ ಬಂತು. ನನ್ನ ಆರು ತಿಂಗಳು ಮುಗಿಯಲು ಇನ್ನು ಒಂಬತ್ತೇ ದಿನ. ಅಪ್ಪ ಕಾಗದ ಬರೆದಿದ್ದರು, ಮಕ್ಕಳು ಹನ್ನೆರಡಾಗಿದ್ದಾರೆ.

ಇನ್ನು ಯಾವ ಎಣ್ಣೆಯೂ ಬೇಡವೆಂದಾಯಿತು. ಅಜ್ಜ ಮೂರು ದಿನ ಕೂತು ಬಿಸಿನೀರು, ಸೀಗೆಪುಡಿ ಹಾಕಿ ಹಲಗೆಯನ್ನು ತಲೆ ತೊಳೆದ ಹಾಗೆ ತೊಳೆದ. ಶನಿವಾರ ಬರಿಗಾಲಲ್ಲಿ ಅದರ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ಬಂದು, "ಜಿಡ್ಡು ಒಂದೀಟೂ ಇಲ್ಲ ಕಣವ್ವ. ಕಾಲು ಕಚ್ತೈತೆ" ಅಂದ. ನಾನು ಪುಸ್ತಕ ತೆಗೆದೆ. ಒಣಗಿದ ಹಲಗೆ, ನುಣ್ಣನೆಯ ಗಟ್ಟಿ ಚೆಂಡು. ಇಬ್ಬರೇ ಇದ್ದೆವು, ಉರುಳಿಸಿ ನೋಡಿದೆವು. ಅಜ್ಜ ಎಸೆದ ಕಪ್ಪು ರಬ್ಬರು ಎರಡೂ ಸಲ ಕಚ್ಚಿಕೊಂಡು ಎಡಕ್ಕೆ ತಿರುಗಿ ಚರಂಡಿ ಸೇರಿತು. ನೀಲಿಯನ್ನು ನಾನು ಎಸೆದೆ. ನೂಲು ಹಿಡಿದಂತೆ ನೆಟ್ಟಗೆ ಹೋಗಿ ಆರು ಪಿನ್ನು ಕೆಡವಿತು.

"ಪುಸ್ತಕ ಬರೆದೋನು ಕುರಿ ಕಾಯ್ದಿದ್ದಾನೇನವ್ವ" ಅಂದ ಅಜ್ಜ. "ನೆಲ ನೋಡಿ ಹೆಜ್ಜೆ ಇಡು ಅಂತಾನಲ್ಲ."

ಬಾಯಲ್ಲಿ ಹೇಳಲು ಹೆದರಿ, ಡೈರೆಕ್ಟರಿಗೆ ನೀಲಿ ಚೆಂಡೇ ಆಗಬೇಕೆಂದು ಒಂದು ಚೀಟಿ ಟೈಪು ಮಾಡಿ ಕಾರ್ಯದರ್ಶಿಯ ಮೇಜಿನ ಮೇಲಿಟ್ಟೆ. ಅವರು ಚೀಟಿ ಹಿಡಿದುಕೊಂಡೇ ಬಂದರು.

"ಹೆಂಗಸರ ಚೆಂಡನ್ನ ಡೈರೆಕ್ಟರ ಕೈಗೆ ಕೊಡು ಅಂತೀಯಲ್ಲಮ್ಮ. ಮ್ಯಾನೇಜರಿಗೇ ಹದಿನಾರು. ಡೈರೆಕ್ಟರಿಗೆ ಹದಿನೆಂಟಾದ್ರೂ ಬ್ಯಾಡವಾ?"

"ಹದಿನಾರರ ಮೇಲೆ ಚೆಂಡೇ ಇಲ್ಲ ಸಾರ್. ಆಟದ ನಿಯಮ."

"ಹಂಗಾರೆ ಇಬ್ರೂ ಒಂದೇ ತೂಕನಾ? ನನ್ನ ಮನೆಗೆ ಕಳಿಸ್ಬೇಕು ಅಂತ ಮಾಡಿದೀಯಾ?"

ಸ್ವಲ್ಪ ಹೊತ್ತು ನೀಲಿ ಚೆಂಡನ್ನೇ ನೋಡುತ್ತಾ ನಿಂತರು. ಅದರ ಮೇಲೆ ಬಿಳಿಯ ಇಂಗ್ಲಿಷ್ ಅಂಕಿಯಲ್ಲಿ 10 ಎಂದಿತ್ತು. ಬಣ್ಣದ ಡಬ್ಬ ತರಿಸಿ, ತಾವೇ ಕುಂಚ ಹಿಡಿದು, ಸೊನ್ನೆಗೆ ಒಂದು ಸೊಂಟ ಬರೆದರು. ಹದಿನೆಂಟಾಯಿತು.

ಭಾನುವಾರ ಡೈರೆಕ್ಟರು ಬಂದರು. ದಪ್ಪನೆಯ ಮನುಷ್ಯ, ಮಾತು ಕಡಿಮೆ. ಮೊದಲು ಮ್ಯಾನೇಜರು ತಮ್ಮ ಕಪ್ಪು ಚೆಂಡು ಎಸೆದರು. ಅದು ಎಡಕ್ಕೆ ತಿರುಗಿ ಚರಂಡಿಗೆ ಹೋಯಿತು. ಆಮೇಲೆ ಕಾರ್ಯದರ್ಶಿ ನೀಲಿ ಚೆಂಡನ್ನು ಎರಡೂ ಕೈಯಲ್ಲಿ, ನರಳುತ್ತಾ, ಹೊತ್ತು ತಂದು ಒಪ್ಪಿಸಿದರು. ಡೈರೆಕ್ಟರು ಅಂಕಿ ನೋಡಿ ಒಂದೇ ಕೈಯಲ್ಲಿ ಎತ್ತಿದರು.

"ಹದಿನೆಂಟೇ ಇದು? ನನಗೇನೂ ಅನ್ನಿಸ್ತಾನೇ ಇಲ್ಲ."

"ತಮ್ಮ ಕೈ ಅಂಥದು ಸಾರ್" ಅಂದರು ಕಾರ್ಯದರ್ಶಿ.

ಚೆಂಡು ನೆಟ್ಟಗೆ ಹೋಯಿತು. ಒಂಬತ್ತು ಬಿದ್ದವು. ಹತ್ತನೆಯದು ಅಲ್ಲಾಡುತ್ತಾ ನಿಂತಿತ್ತು, ಅಷ್ಟರಲ್ಲಿ ಹಿಂದೆ ಕೂತಿದ್ದ ಅಜ್ಜನ ಹೆಗಲಿನ ಟವಲು ಅದರ ಮೇಲೆ ಜಾರಿತು. ಚಪ್ಪಾಳೆ ಬಿತ್ತು. ಡೈರೆಕ್ಟರ ಮುಖ ಅರಳಿತು. ಆ ಹುರುಪಿನಲ್ಲಿ, "ಎಲ್ಲಿ, ನಿಮ್ಮದು ಹೇಗಿದೆ ನೋಡೋಣ" ಎಂದು ಮ್ಯಾನೇಜರ ಹದಿನಾರಕ್ಕೆ ಅದೇ ಒಂದು ಕೈ ಹಾಕಿದರು.

ಚೆಂಡು ಕದಲಲಿಲ್ಲ. ಇನ್ನೊಂದು ಕೈ ಸೇರಿಸಿದರು. ಮೇಲೆದ್ದಿತು, ಜೊತೆಗೆ ಅವರ ಹುಬ್ಬೂ ಎದ್ದಿತು. ಕಪ್ಪನ್ನು ಕೆಳಗಿಟ್ಟು, ನೀಲಿಯನ್ನು ಎತ್ತಿ ನೋಡಿ, ಮತ್ತೆ ಕಪ್ಪನ್ನು ಎತ್ತಿದರು.

"ಇದು ಹದಿನಾರು. ಅದು ಹದಿನೆಂಟು. ಹೌದಾ?"

ಮ್ಯಾನೇಜರು ಕಾರ್ಯದರ್ಶಿಯ ಕಡೆ ನೋಡಿದರು. ಕಾರ್ಯದರ್ಶಿ ನನ್ನ ಕಡೆ ನೋಡಿ, "ಪುಸ್ತಕ ಓದಿರೋಳು ಆ ಹುಡುಗಿ ಸಾರ್" ಅಂದರು. ಮೂವತ್ತು ಮುಖ ನನ್ನ ಕಡೆ ತಿರುಗಿದವು. ಹನ್ನೆರಡು ಮಕ್ಕಳೇ ವಾಸಿ ಅನ್ನಿಸಿತು. ಸುಳ್ಳು ಹೇಳಬೇಕಾದರೆ ಯೋಚಿಸಬೇಕು, ಯೋಚಿಸಲು ತಲೆ ಓಡುತ್ತಿರಲಿಲ್ಲ.

"ಅದರ ತೂಕ ಹತ್ತು ಸಾರ್" ಅಂದೆ. "ಹದಿನೆಂಟು ನಿಮ್ಮ ದರ್ಜೆ."

ಕಾರ್ಯದರ್ಶಿ ಗೋಡೆಗೆ ಒರಗಿದರು. ಡೈರೆಕ್ಟರು ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಪಿನ್ನುಗಳ ಕಡೆ ನೋಡಿದರು. ಹತ್ತೂ ಬಿದ್ದಿದ್ದವು. ಕಾಫಿ ಕುಡಿದು ಕಾರು ಹತ್ತಿದರು. ನಾನು ಸಂಜೆಯೇ ಟ್ರಂಕು ಕಟ್ಟಿದೆ.

ಬುಧವಾರ ಬೆಂಗಳೂರಿನಿಂದ ಕಡತ ಬಂತು. ಕೊನೆಯಲ್ಲಿ ಡೈರೆಕ್ಟರ ಕೈಬರಹದ ಎರಡೇ ಸಾಲು:

"ಸದರಿ ಹುಡುಗಿಯ ಹುದ್ದೆಯನ್ನು ಖಾಯಂ ಮಾಡತಕ್ಕದ್ದು. ನೀಲಿ ಚೆಂಡಿನ ಮೇಲಿನ ಹದಿನೆಂಟನ್ನು ಇನ್ನು ಯಾರೂ ತಿದ್ದಕೂಡದು."