ಒಂದನೇ ಭಾಗದ ಮಹಾವೀರ

ಕತ್ತಿ, ಮಂತ್ರ, ರಾಕ್ಷಸರಿರುವ ಆ ಕಂಪ್ಯೂಟರ್ ಆಟಕ್ಕೆ ಈಗ ಏಳು ಭಾಗಗಳಾಗಿವೆ. ನಾವೇ ಒಂದು ಪಾತ್ರವಾಗಿ ಊರೂರು ಅಲೆದು, ಹೊಡೆದಾಡಿ, ಲೋಕ ಉಳಿಸಬೇಕು. ಒಂದನೇ ಭಾಗವನ್ನು ನಾನು ಕಾಲೇಜಿನಲ್ಲಿದ್ದಾಗಲೇ ಮುಗಿಸಿದವನು. ಹಾಗಂತ ಕುಮಟೆಯಲ್ಲಿ ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಯಾರೂ ಕೇಳದಿದ್ದರೂ!

ಕಳೆದ ತಿಂಗಳು ನನ್ನ ಹೆಂಡತಿ ವಿದ್ಯಾ ಏಳನೇ ಭಾಗ ಮುಗಿಸಿದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ರಜೆಯಲ್ಲಿ ಬೇಜಾರೆಂದು ಆಡಲು ಕೂತಿದ್ದಳು. ಕೊನೆಯ ರಾಕ್ಷಸನನ್ನು ಕೊಂದವಳೇ ಎದ್ದು ಹೋಗಿ ದೋಸೆಗೆ ರುಬ್ಬಿದಳು. ನನಗೆ ತಡೆಯಲಾಗಲಿಲ್ಲ.

"ಇದೂ ಒಂದು ಆಟವಾ? ಬಾಣ ದಾರಿ ತೋರಿಸ್ತದೆ, ನಕ್ಷೆ ಇದೆ, ಹೆಜ್ಜೆಗೊಮ್ಮೆ ತಾನೇ ಸೇವ್ ಆಗ್ತದೆ. ನಮ್ಮ ಒಂದನೇ ಭಾಗಕ್ಕೆ ಬುದ್ಧಿ ಬೇಕಿತ್ತು!"

"ಹೌದಾ? ಹಾಂಗಾರೆ ಆಡಿ ತೋರ್ಸಿ," ಅಂದಳು.

ಭಾನುವಾರ ತಿಂಡಿ ಮುಗಿಸಿ, ಒಂದನೇ ಭಾಗ ಹಚ್ಚಿ ಯುದ್ಧಕ್ಕೆ ಕೂತೆ. ಸಾಕ್ಷಿಗೆ ಇರಲೆಂದು ಪಕ್ಕದ ಮನೆಯ ಶಾಲಿನಿ ಅಕ್ಕನನ್ನೂ ಕರೆದೆ. ಕರೆಯಬಾರದಿತ್ತು.

ನನ್ನ ವೀರ ಕತ್ತಿ ಹಿಡಿದು ನೆಲಮಾಳಿಗೆಗಿಳಿದ. ಅಲ್ಲೊಂದು ಇಲಿಯಿತ್ತು. ಕಚ್ಚಿತು. ವೀರ ಸತ್ತ.

"ಎಂತ, ಇಲಿ ಕಚ್ಚಿ ಸತ್ತದ್ದಾ?" ಶಾಲಿನಿ ಅಕ್ಕ ನಿಜವಾಗಿಯೂ ನೊಂದುಕೊಂಡರು. "ಛೇ, ಪಾಪ."

ಎರಡನೇ ಸಲವೂ ಅದೇ ಇಲಿ. ಮೂರನೇ ಸಲ ನೆಲಮಾಳಿಗೆಯ ಸಹವಾಸವೇ ಬೇಡವೆಂದು ಕಾಡಿಗೆ ನುಗ್ಗಿದೆ. ಬಾಣವಿಲ್ಲ, ನಕ್ಷೆಯಿಲ್ಲ. ಎರಡು ಗಂಟೆ ಸುತ್ತಿದೆ.

"ಈ ಬಾವಿ ಆಗ್ಲೇ ನೋಡಿದ್ವಲ್ಲ?" ಅಂದಳು ವಿದ್ಯಾ.

"ಅದು ಬೇರೆ ಬಾವಿ," ಎಂದು ಗಂಭೀರವಾಗಿ ಸಾರಿದೆ. ಅದೇ ಬಾವಿ.

ಬೆನ್ನು ನೋವು ಹತ್ತಿ, ಕಣ್ಣುರಿ ಬಂದ ಮೇಲೆ ಕೊನೆಗೂ ಒಂದು ಸೇತುವೆ ಕಂಡಿತು. ಗೆದ್ದೆ ಎಂದು ಕೈ ಎತ್ತಿದೆ. ಕರೆಂಟು ಹೋಯಿತು! ನಾನು ಒಮ್ಮೆಯೂ ಸೇವ್ ಮಾಡಿರಲಿಲ್ಲ.

ಮರ್ಯಾದೆ ಉಳಿಸಿಕೊಳ್ಳಲು ಭಟ್ಕಳದ ಇರ್ಫಾನನಿಗೆ ಫೋನ್ ಹಚ್ಚಿದೆ. ಕಾಲೇಜಿನ ಗೆಳೆಯ. ಆಗ ಕಂಪ್ಯೂಟರ್ ಇದ್ದದ್ದು ಅವನ ಮನೆಯಲ್ಲಿ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಇರ್ಫಾನ್, ಒಂದನೇ ಭಾಗದ ಕಾಡು ನಾನು ಹೇಗೆ ದಾಟಿದ್ದು, ನೆನಪುಂಟಾ?"

"ನೀನಾ? ಆಡಿದ್ದು ನಾನಲ್ವಾ ಮಾರಾಯಾ! ನೀನು ಪಕ್ಕದಲ್ಲಿ ಕೂತು, ಅಮ್ಮ ಕೊಟ್ಟ ಬಿಸ್ಕತ್ತು ತಿಂತಾ, 'ಎಡಕ್ಕೆ ಹೋಗು, ಎಡಕ್ಕೆ ಹೋಗು' ಅಂತಿದ್ದೆ. ನಿನ್ನ ಮಾತು ಕೇಳಿ ಎಡಕ್ಕೆ ಹೋಗಿ ಮೂರು ಸಲ ಸತ್ತಿದ್ದೆ."

ನಾನು ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಆ ಗೆಲುವು ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಆದರೆ ಕೀಬೋರ್ಡಿನ ಮೇಲಿದ್ದ ಕೈಗೆ ವಾಚಿತ್ತು. ನಾನು ಜನ್ಮದಲ್ಲಿ ವಾಚು ಕಟ್ಟಿದವನಲ್ಲ!

ಶಾಲಿನಿ ಅಕ್ಕ "ಒಲೆ ಮೇಲೆ ಸಾರು ಇಟ್ಟಿದ್ದೆ" ಎಂದು ಎದ್ದು ಹೋದರು. ವಿದ್ಯಾ ನಗಲೂ ಇಲ್ಲ. ಅದೇ ಹೆಚ್ಚು ಚುಚ್ಚಿತು.

"ಆತು, ಊಟ ಮಾಡಿ. ಆಮೇಲೆ ಏಳನೇದು ಹೇಳಿಕೊಡ್ತೆ," ಅಂದಳು.

ಮಧ್ಯಾಹ್ನ ಕರೆಂಟು ಬಂತು. ಅವಳೇ ಆಟ ಹಚ್ಚಿ ಕೊಟ್ಟಳು. ಬಾಣ ತೋರಿಸಿದಲ್ಲೇ ನಡೆದೆ. ನಡೆದೂ ಹೊಳೆಗೆ ಬಿದ್ದೆ. ನಾಲ್ಕು ಸಲ ಬಿದ್ದ ಮೇಲೆ, ದನಿ ತಗ್ಗಿಸಿ ಕೇಳಿದೆ:

"ಇದನ್ನು ಸ್ವಲ್ಪ ಸುಲಭ ಮಾಡ್ಲಿಕ್ಕೆ ಬರ್ತದಾ?"

ವಿದ್ಯಾ ಪರದೆ ನೋಡಿದಳು, ನನ್ನನ್ನು ನೋಡಿದಳು.

"ಅತೀ ಸುಲಭದ್ದನ್ನೇ ಹಾಕಿ ಕೊಟ್ಟಿದ್ದೆ."